ಮಡುವಿನ ಕೆಳಗಿನ ಒದ್ದೆ ನೆಲ

ಸಿಝಿಬೇನಿಯ ಗಂಡಸರು ದನದ ದೊಡ್ಡಿಯೊಳಗೆ ಕೂತು ಹಿರಿಯರ ಮಡುವನ್ನು ಪ್ರವಾಸಿಗರಿಗೆ ತೆರೆಯುವುದೆಂದು ತೀರ್ಮಾನಿಸಿದ ದಿನ ಹೆಂಗಸರು ಬೇಲಿಯ ಹೊರಗೆ ಚಾಪೆ ಹಾಸಿಕೊಂಡು ಕೂತಿದ್ದರು. ದೊಡ್ಡಿಯೊಳಗೆ ಸೊಸೆಯಾಗಿ ಬಂದವರು ಕಾಲಿಡುವಂತಿಲ್ಲ. ಆದರೆ ಅವರ ಒಪ್ಪಿಗೆ ಇಲ್ಲದೆ ಏನೂ ಆಗಕೂಡದೆಂದು ರಾಜಧಾನಿ ಎಂಬಾಬಾನೆಯ ಪ್ರವಾಸೋದ್ಯಮ ಕಚೇರಿಯಿಂದ ಬಂದಿದ್ದ ಮಿಸ್ ಹ್ಲೋಪೆ ಹಟ ಹಿಡಿದಿದ್ದಳು. ಹಾಗಾಗಿ ಬೇಲಿಯ ಮೇಲಿನಿಂದ ಕೇಳಲಾಯಿತು.

"ಹೆಂಗಸರು ಏನಂತೀರಿ?" ಎಂದು ಸಮಿತಿಯ ಅಧ್ಯಕ್ಷ ಫಾಕುಡ್ಸೆ ಕೂಗಿದ.

"ನಿಮ್ಮ ಬಾಯಲ್ಲಿ ಬಂದದ್ದೇ ನಮ್ಮ ಮಾತು, ಬಾಬೆ," ಎಂದು ಅವನ ಹೆಂಡತಿ ಲಾಗ್ವೇಬು, ಯಜಮಾನನನ್ನು ಕರೆಯುವ ಗೌರವದ ಮಾತಿನಲ್ಲಿ, ಕೂತಲ್ಲಿಂದಲೇ ಕೂಗಿದಳು.

ಮಿಸ್ ಹ್ಲೋಪೆ ಪ್ಯಾಂಟಿನ ಮೇಲೆ ಯಾರದೋ ಬಟ್ಟೆಯನ್ನು ಕಡ ತಂದು ಸುತ್ತಿಕೊಂಡಿದ್ದಳು. ಅದು ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡೇ ಚಪ್ಪಾಳೆ ತಟ್ಟಲು ನೋಡಿದಳು. "ಇದು ನಿಮ್ಮದು, ನೀವೇ ನಡೆಸೋದು. ನಾನು ಬರೀ ನೋಡ್ತಿರ್ತೀನಿ ಅಷ್ಟೇ," ಎಂದಳು.

ಹೆಂಗಸರ ಸಾಲಿನ ತುದಿಯಲ್ಲಿ, ಎಲ್ಲರಿಗಿಂತ ಕಿರಿಯ ಸೊಸೆ ಕೂರಬೇಕಾದಲ್ಲಿ, ತೆಂಗೆತಿಲೆ ಕೂತಿದ್ದಳು. ತವರಿನ ಆ ಹೆಸರು ಈ ಊರಿನಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಇಲ್ಲಿ ಅವಳು ಲಾಮಝಿಯಾ, ಮಝಿಯಾ ಮನೆತನದಿಂದ ಬಂದವಳು. ಅಧ್ಯಕ್ಷ ಫಾಕುಡ್ಸೆ ಅವಳ ಮಾವ. ಅವನ ಎದುರು ಅವಳು ತಲೆಯೆತ್ತುವಂತಿಲ್ಲ, ನೇರ ಮಾತಾಡುವಂತಿಲ್ಲ. ಆದ್ದರಿಂದ ಅವಳಿಗೆ ಮಾವನ ಮುಖಕ್ಕಿಂತ ಅವನ ದನಿಯೇ ಹೆಚ್ಚು ಪರಿಚಯ. ಆ ದನಿ ಈಗ ಸಂತೋಷದಲ್ಲಿತ್ತು.

"ಮಡು ಹಿರಿಯರದು. ಮೇಲಿನ ಗವಿ ಹಳೇ ದೊರೆಗಳದು, ಅವರು ಅಲ್ಲಿ ಮಲಗಿದಾರೆ. ಅಲ್ಲಿಗೆ ಯಾವ ಬೂಟುಗಾಲೂ ಹತ್ತಲ್ಲ. ಆದರೆ ಬಂದೋರು ನಿಂತು ನೋಡೋಕೆ ಒಂದು ಜಾಗ ಬೇಕಲ್ಲ? ಮಡುವಿನ ಕೆಳಗೆ ಜೌಗಿದೆ. ಅಲ್ಲಿಂದ ನೀರು ಬೀಳೋದು ಪೂರಾ ಕಾಣುತ್ತೆ. ಅದು ಯಾರದೂ ಅಲ್ಲ."

"ಕಪ್ಪೆಗಳದು!" ಎಂದು ಒಳಗೆ ಯಾರೋ ಅಂದರು. ನಗು ಎದ್ದಿತು.

"ಕಪ್ಪೆಗಳಿಗೆ ನೋಟೀಸು ಕೊಡೋಣ. ಮುಂದಿನ ವಾರ ಕಾಲುವೆ ತೋಡಿ ನೀರು ಬಸಿದು, ನೆಲ ಗಟ್ಟಿ ಮಾಡಿ, ಮೇಲೊಂದು ಹುಲ್ಲಿನ ಚಪ್ಪರ."

ಬೇಲಿಯ ಹೊರಗೆ ಯಾವ ಹೆಂಗಸೂ ಪಕ್ಕದವಳ ಮುಖ ನೋಡಲಿಲ್ಲ. ಓರಗಿತ್ತಿ ಖೆತ್ಸಿವೆ ಚಾಪೆಗೆಂದು ಹುಲ್ಲು ಹೊಸೆಯುತ್ತಿದ್ದಳು. ಅವಳ ಬೆರಳು ಒಂದೇ ಒಂದು ಗಳಿಗೆ ನಿಂತು ಮತ್ತೆ ಹೊಸೆಯಿತು. ಮುದುಕಿಯೊಬ್ಬಳು ನಶ್ಯದ ಡಬ್ಬಿ ತೆರೆದು, ಏನೂ ತೆಗೆಯದೆ ಮುಚ್ಚಿದಳು. ಅತ್ತೆ ಲಾಗ್ವೇಬು ದೊಡ್ಡಿಯ ಕಡೆಗೆ ನೆಟ್ಟ ನೋಟ ತೆಗೆಯದೆ ಮುಗುಳ್ನಗುತ್ತಿದ್ದಳು, ಅಧ್ಯಕ್ಷನ ಹೆಂಡತಿ ನಗಬೇಕಾದ ಹಾಗೆ.

ಜೌಗು ಯಾರದೆಂದು ಹೊರಗೆ ಕೂತ ಪ್ರತಿಯೊಬ್ಬಳಿಗೂ ಗೊತ್ತಿತ್ತು.

ಹೊಕ್ಕುಳ ಬಳ್ಳಿ ಉದುರುವ ಮೊದಲೇ ಉಸಿರು ನಿಂತರೆ ಅದು ಮಗುವಲ್ಲ, 'ಅದು'. ಅದಕ್ಕೆ ಹೆಸರಿಲ್ಲ, ಅಳುವವರಿಲ್ಲ, ದೊಡ್ಡಿಯ ಪಕ್ಕದ ಒಣನೆಲದಲ್ಲಿ ದೊಡ್ಡವರ ಸಾಲಿನಲ್ಲಿ ಗುಂಡಿಯಿಲ್ಲ. ಹೆಂಗಸರೇ ಬಟ್ಟೆಯಲ್ಲಿ ಸುತ್ತಿ ನೀರು ಒಸರುವ ನೆಲಕ್ಕೆ ಒಯ್ಯುತ್ತಾರೆ. ನೆಲ ತಂಪಾಗಿದ್ದರೆ ತಾಯಿಯ ಹೊಟ್ಟೆಯೂ ತಂಪಾಗಿರುತ್ತದೆ, ಇನ್ನೊಂದು ಬರುತ್ತದೆ. ನೆಲ ಒಣಗಿದರೆ ಹೊಟ್ಟೆ ಮುಚ್ಚಿಕೊಳ್ಳುತ್ತದೆ. ಇದನ್ನು ಗಂಡಸರಿಗೆ ಹೇಳುವುದಿಲ್ಲ. ಅವರೂ ಕೇಳುವುದಿಲ್ಲ. ಹೆಂಗಸರು ಗುದ್ದಲಿ ಹಿಡಿದು ಜೊಂಡು ಕೊಯ್ಯಲು ಹೊರಟರೆ, ಜೊಂಡಿಗೆ ಗುದ್ದಲಿ ಯಾಕೆಂದು ಯಾವ ಗಂಡಸೂ ಇದುವರೆಗೆ ಕೇಳಿದ್ದಿಲ್ಲ.

ತೆಂಗೆತಿಲೆಯ ಮಗಳು ಬಿತ್ತನೆಯ ಕಾಲದಲ್ಲಿ ಹುಟ್ಟಿ ಬಿತ್ತನೆ ಮುಗಿಯುವ ಮೊದಲೇ ಹೋಗಿದ್ದಳು. ಅತ್ತೆ ತನ್ನ ಹಳೆಯ ಲಂಗದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು, ಕುಂಬಳಕಾಯಿ ಒಯ್ಯುವವಳಂತೆ. ತಾಯಿ ಹಿಂದೆ ಹೋಗಬಾರದು. ತೆಂಗೆತಿಲೆ ಹೋದಳು. ಜೊಂಡಿನ ಮರೆಯಲ್ಲಿ ಮಂಡಿಯೂರಿ ನೋಡಿದಳು. ಮಡುವಿನಿಂದ ಇಳಿದ ನೀರು ಎರಡು ಸೀಳಾಗುವ ಕಡೆ, ಸೀಳಿನ ನಡುವೆ ಅತ್ತೆ ಗುಂಡಿ ತೋಡಿದಳು. ಆಮೇಲೆ ದಿನವೂ ನೀರಿಗೆ ಬಂದಾಗ ಅತ್ತ ತಿರುಗಿ ನೋಡುವುದಿಲ್ಲ, ನೋಡದೆಯೇ ಅಲ್ಲಿದೆ ಎಂದುಕೊಳ್ಳುತ್ತಾಳೆ. ಮನಸ್ಸಿನಲ್ಲಿ ಒಂದು ಹೆಸರೂ ಇಟ್ಟಿದ್ದಳು. ಯಾರಿಗೂ ಹೇಳಿರಲಿಲ್ಲ. ತನಗೆ ತಾನೂ ಗಟ್ಟಿಯಾಗಿ ಹೇಳಿಕೊಂಡಿರಲಿಲ್ಲ.

ಆ ಸಂಜೆ ಅತ್ತೆ ಬಿಯರಿಗೆ ಮೊಳಕೆ ಜೋಳ ಕುಟ್ಟುತ್ತಿದ್ದಾಗ ತೆಂಗೆತಿಲೆ ಪಕ್ಕದಲ್ಲಿ ಕೂತು ಮೊರ ಹಿಡಿದಳು.

"ಅತ್ತೆ, ಜೌಗನ್ನ ಬಸೀತಾರಂತೆ."

"ಬಸೀಲಿ. ಸೊಳ್ಳೆ ಕಮ್ಮಿಯಾಗುತ್ತೆ."

"ಅಲ್ಲಿ ಅಗೀತಾರೆ ಅತ್ತೆ."

"ಅಗೀದೆ ಬಸಿಯೋದು ಹೇಗೆ, ಊದಿ ಬಸೀತಾರಾ?" ಒನಕೆ ನಿಲ್ಲಲಿಲ್ಲ. "ನಿಂಗೇನೇ ಅಲ್ಲಿ? ಗದ್ದೆ ಇಟ್ಟಿದೀಯಾ?"

"ನೀವೇ ಅಲ್ವಾ ಅತ್ತೆ ಅವತ್ತು..."

ಒನಕೆ ನಿಂತಿತು. ಲಾಗ್ವೇಬು ಸೊಸೆಯ ಮುಖವನ್ನು ಕಾಳಿನಲ್ಲಿ ಕಲ್ಲು ಹುಡುಕುವವಳಂತೆ ನೋಡಿದಳು.

"ನಾನು ಅಲ್ಲಿಗೆ ಜೊಂಡು ಕೊಯ್ಯೋಕೆ ಹೋಗ್ತೀನಿ. ನನ್ನ ಅತ್ತೇನೂ ಅದಕ್ಕೇ ಹೋಗ್ತಿದ್ದಳು. ನಿನ್ನ ತವರಲ್ಲಿ ಹೆಂಗಸರು ಗಂಡಸರ ಮುಂದೆ ಲಂಗ ಎತ್ತಿ ಎಲ್ಲಾ ತೋರಿಸ್ತಾರೋ ಏನೋ, ನಮ್ಮಲ್ಲಿ ಇಲ್ಲ. ನಿನ್ನ ಮಾವ ದೊರೆ ಹತ್ರ ಮಾತು ಕೊಟ್ಟು ಬಂದಿದಾರೆ. ಹಿರಿಯರ ಮನೆ ಬಾಗಿಲಲ್ಲಿ ಹೆಂಗಸರು ಇಷ್ಟು ವರ್ಷ ಏನೇನು ಹೂತಿದಾರೆ ಅಂತ ಗೊತ್ತಾದ್ರೆ ಏನು ಮಾಡ್ತಾರೆ ಗೊತ್ತಾ? ಹೊಲಸು ಮಾಡಿದ್ರಿ ಅಂತ ನಮ್ಮ ಕೈಲೇ ಅಗೆಸಿ ತೆಗೆಸ್ತಾರೆ. ಅದು ಬೇಕಾ ನಿಂಗೆ? ಕೂತು ನೋಡ್ತೀಯಾ?"

ತೆಂಗೆತಿಲೆ ಮೊರದಲ್ಲಿದ್ದ ಹೊಟ್ಟನ್ನು ನೋಡಿದಳು.

"ಅಳಬೇಡ. ಅಳೋದಕ್ಕೇ ನಿನ್ನ ಹೊಟ್ಟೆ ಇನ್ನೂ ಖಾಲಿ."

ಮರುದಿನ ನೀರಿಗೆ ಹೋಗುವ ದಾರಿಯಲ್ಲಿ ಖೆತ್ಸಿವೆಯೂ ಅದನ್ನೇ ಬೇರೆ ರೀತಿ ಹೇಳಿದಳು. ಖೆತ್ಸಿವೆ ಮೂರು ತಿಂಗಳ ಬಸುರಿ. ಬಾಯಿ ಜೋರು, ನಗು ಇನ್ನೂ ಜೋರು. "ನನ್ನೆರಡು ಅಲ್ಲಿವೆ ಕಣೇ. ಅತ್ತೇದೂ ಇವೆಯಂತೆ, ಎಷ್ಟು ಅಂತ ಯಾರು ಕೇಳೋಕಾಗುತ್ತೆ. ನಾನು ಬಾಯಿ ಬಿಟ್ಟಿದೀನಾ? ಚಪ್ಪರ ಆದ್ಮೇಲೆ ಅದರ ಕೆಳಗೆ ಕೂತು ಚಾಪೆ ಮಾರ್ತೀನಿ. ನನ್ನ ಮಕ್ಕಳ ಮೇಲೆ ನಾನು ಕೂತ್ರೆ ಯಾರಿಗೇನು?" ನಗುತ್ತಲೇ ಹೇಳಿದಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ಹೀಗೆ ಮಾತಿನ ದಾರಿಗಳೆಲ್ಲ ಮುಚ್ಚಿದ ಮೇಲೆ ತೆಂಗೆತಿಲೆಗೆ ಸುಳ್ಳಿನ ದಾರಿ ಕಂಡಿತು.

ಅವಳು ಸುಳ್ಳು ಹೇಳಿ ಅಭ್ಯಾಸವಿದ್ದವಳಲ್ಲ. ನಿಜ ಹೇಳಿಯೂ ಅಷ್ಟಾಗಿ ಅಭ್ಯಾಸವಿರಲಿಲ್ಲ. ದಿನಕ್ಕೆ ಅವಳ ಬಾಯಿಂದ ಬರುವ ಮಾತು ಒಂದು ಬೊಗಸೆಯಲ್ಲಿ ಹಿಡಿಯುವಷ್ಟು. ಗುದ್ದಲಿಗಳು ಜೌಗಿಗೆ ಇಳಿಯುವ ದಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲೇ ನೀರಿಗೆ ಹೋದಳು. ಜೊಂಡಿನ ನಡುವೆ ನಿಂತು, ಹೇಳಬೇಕಾದ್ದನ್ನು ತುಟಿ ಅಲುಗಿಸದೆ ಹೇಳಿಕೊಂಡಳು. ಗಂಡಸರ ಕೆಮ್ಮು, ನಗು ದಿನ್ನೆಯ ಮೇಲೆ ಕೇಳಿಸಿತು. ಬಕೆಟ್ಟನ್ನು ಕಲ್ಲಿಗೆ ಎಸೆದಳು. ಓಡಿದಳು. ನಿಜವಾಗಿಯೇ ಎಡವಿ ಬಿದ್ದಳು, ಮೊಣಕೈ ತರಚಿ ರಕ್ತ ಬಂತು. ಆ ರಕ್ತ ಸುಳ್ಳಿಗೆ ದೊಡ್ಡ ಉಪಕಾರ ಮಾಡಿತು.

ಮಾವನಿಗೆ ಹೇಳುವಂತಿಲ್ಲ. ಗಂಡಸರನ್ನು ದಾಟಿ, ಅವರ ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ ಖೆತ್ಸಿವೆಯ ಕಡೆ ತಿರುಗಿ, ಮಾವನಿಗೆ ಬೆನ್ನು ಹಾಕಿ, ಬೆಟ್ಟಕ್ಕೆ ಕೇಳುವಂತೆ ಕಿರುಚಿದಳು.

"ಅಕ್ಕಾ, ಮಡುವಿನ ಒಡೆಯ! ಜೌಗಿಗೆ ಬಂದಿದಾನೆ! ನೀರು ಎದ್ದು ನಿಂತಿತು ಅಕ್ಕಾ. ಅದಕ್ಕೆ ಕಣ್ಣಿತ್ತು!"

ಮಡುವಿನ ಒಡೆಯ ಎಂದರೆ ಆ ನೀರಿನ ಹಾವು. ಅದರ ಹೆಸರನ್ನು ನೀರಿನ ಹತ್ತಿರ ಯಾರೂ ಎತ್ತುವುದಿಲ್ಲ. ಅದು ಜಾಗ ಬಿಟ್ಟು ಎದ್ದರೆ ಮನೆಗಳ ಸೂರು ಹಾರಿಸುವ ಗಾಳಿ ಬರುತ್ತದೆ. ಗಂಡಸರ ಗುದ್ದಲಿಗಳು ಹೆಗಲಿನಿಂದ ಇಳಿದವು. "ನಿನ್ನೆಯಿಂದ ನನ್ನ ಮಂಡಿ ಹೇಳ್ತಾನೇ ಇತ್ತು, ಏನೋ ಇದೆ ಅಂತ," ಎಂದು ಒಬ್ಬ ಅಂದ. ಇನ್ನೊಬ್ಬ ತನ್ನ ನಾಯಿ ಅತ್ತ ಹೋಗಲು ಒಪ್ಪಲಿಲ್ಲವೆಂದ. ಮಾವ ಫಾಕುಡ್ಸೆ ಟೋಪಿ ತೆಗೆದ. ಯಾರೂ ಒಂದು ಹೆಂಟೆ ಮಣ್ಣನ್ನೂ ಎತ್ತದೆ, ಬೆನ್ನು ತೋರಿಸಬಾರದೆಂದು ಹಿಂದಕ್ಕೆ ಹಿಂದಕ್ಕೆ ನಡೆದು ದಿನ್ನೆ ಹತ್ತಿದರು.

ತೆಂಗೆತಿಲೆ ಆ ರಾತ್ರಿ ನಿದ್ದೆ ಮಾಡಿದಳು. ಆಮೇಲಿನ ಕೆಲವು ದಿನಗಳಲ್ಲಿ ಅವಳು ಹುಳಿಹಾಲು ಕಲೆಸಿದ ಹಿಟ್ಟನ್ನು ಎರಡನೇ ಸಲ ಬಡಿಸಿಕೊಂಡಳು. ಒಂದು ದಿನ ಪಾತ್ರೆ ತೊಳೆಯುತ್ತ ಗುನುಗಿಕೊಂಡಳು. ಅತ್ತೆ ಕೇಳಿಸಿಕೊಂಡಳು.

ಮಡುವಿನ ಒಡೆಯ ಕಾಣಿಸಿಕೊಂಡ ಮೇಲೆ ಕೇಳದೆ ಬಿಡುವುದುಂಟೇ? ಸಮಿತಿ ಗುಡ್ಡದಾಚೆಯಿಂದ ಗೋಗೊ ಮ್ನಿಸಿಯನ್ನು, ಅಂದರೆ ಮ್ನಿಸಿ ಅಜ್ಜಿಯನ್ನು, ಕರೆಸಿತು. ಕೆಮ್ಮಣ್ಣು ಮೆತ್ತಿದ ಎಳೆಎಳೆ ಕೂದಲು, ಎದೆಯ ಮೇಲೆ ಅಡ್ಡ ಮಣಿಸರ, ಮಣಿಗಳ ನಡುವೆ ನೇತಾಡುವ ಫೋನು. ಸತ್ತ ಹಿರಿಯರ ಮಾತು ಕೇಳಿ ಹೇಳುವವಳು ಅವಳು. ಅಂಗಳದಲ್ಲಿ ಚಾಪೆಯ ಮೇಲೆ ಕೂತು ಶಕುನದ ಮೂಳೆಗಳನ್ನು ಚೆಲ್ಲಿ ಬಹಳ ಹೊತ್ತು ನೋಡಿದಳು.

"ಗುದ್ದಲಿ ಹಿಡಿದ ಗಂಡಸರಿಗೆ ಕಂಡಿತಾ?"

"ಇಲ್ಲ ಗೋಗೊ," ಎಂದ ಮಾವ.

"ದೊರೆಗೆ? ಸಮಿತಿಗೆ? ಆ ಪ್ಯಾಂಟಿನ ಹುಡುಗಿಗೆ?"

"ಇಲ್ಲ."

"ಮತ್ತೆ ಯಾರಿಗೆ?"

"ಸೊಸೆಗೆ."

"ನೀರಿನ ಹಾವು ಒಬ್ಬಳನ್ನೇ ಆರಿಸಿ ಮುಖ ತೋರಿಸಿದರೆ ಏನರ್ಥ ಅಂತ ನಾನು ಬಂದು ಹೇಳಬೇಕಾ? ನಿಮ್ಮ ಗಡ್ಡ ಬೆಳ್ಳಗಾಗಿದ್ದು ಬಿಸಿಲಿಗಾ?" ಮುದುಕಿ ಕೈ ಬೀಸಿ ತೆಂಗೆತಿಲೆಯನ್ನು ಹತ್ತಿರ ಕರೆದಳು. ಅಂಗೈ ಹಿಡಿದು ಮೂಸಿದಳು. "ಈಚೆಗೆ ಹೊಟ್ಟೆ ನೋವು?"

ತೆಂಗೆತಿಲೆ ಹೌದೆಂದು ತಲೆಯಾಡಿಸಿದಳು.

"ನಿದ್ದೆ ಬರದೆ ಹೊರಳಾಡಿದ್ದು? ಊಟ ಸೇರದಿದ್ದು? ಜನ ಬೇಡ ಅನಿಸಿದ್ದು?"

ಬಿತ್ತನೆಯ ಕಾಲದಿಂದ, ಆ ಸುಳ್ಳು ಹೇಳುವವರೆಗೂ, ಅವಳಿಗೆ ಇದ್ದದ್ದೇ ಅದು. ಯಾರೂ ಕೇಳಿರಲಿಲ್ಲ. ಮೊದಲ ಸಲ ಯಾರೋ ಕೇಳಿದ್ದಕ್ಕೆ ಅವಳ ಕಣ್ಣು ತುಂಬಿತು.

"ನೋಡಿ, ಅಳ್ತಿದಾಳೆ. ಹಿರಿಯರು ಹೆಗಲ ಮೇಲೆ ಕೂತಿದಾರೆ," ಎಂದಳು ಗೋಗೊ ಮ್ನಿಸಿ. "ಇದು ಕರೆ. ಒಪ್ಪದಿದ್ರೆ ಹುಚ್ಚು ಹಿಡಿಯುತ್ತೆ, ಮನೆಗೆ ಸಾವು ಬರುತ್ತೆ. ನಾನು ಕಲಿಸ್ತೀನಿ. ಜೌಗಲ್ಲಿ ಅಗೀಬೇಡಿ, ಕಟ್ಟಬೇಡಿ. ಒಡೆಯ ಕರೆದ ಕಡೆ ಕರೆಸಿಕೊಂಡವಳು ಕುಣೀಬೇಕು."

ಒಲೆಯ ಬಳಿ ಇದ್ದ ಅತ್ತೆಯ ಮುಖದಲ್ಲಿ ಏನೋ ಹಾದುಹೋಯಿತು. ನಗುವೂ ಅಲ್ಲ, ಸಿಟ್ಟೂ ಅಲ್ಲ. ಸಂತೆಯಲ್ಲಿ ಒಂದು ವಸ್ತು ಅಂದುಕೊಂಡದ್ದಕ್ಕಿಂತ ಅಗ್ಗಕ್ಕೆ ಸಿಕ್ಕಾಗ ಹೆಂಗಸರ ಮುಖದಲ್ಲಿ ಬರುವಂಥದ್ದು.

ಸುದ್ದಿ ಕೇಳಿ ಮಿಸ್ ಹ್ಲೋಪೆ ಓಡಿಬಂದಳು. "ಚಪ್ಪರ ಎಲ್ಲಾ ಕಡೆ ಇದೆ. ಇಂಥದು ಎಲ್ಲೂ ಇಲ್ಲ! ಆದ್ರೆ ನಾನು ಏನೂ ಹೇಳಲ್ಲ. ನೀವೇ ಕೂತು ತೀರ್ಮಾನ ಮಾಡಿ." ದೊಡ್ಡಿಯೊಳಗೆ ಕೈಗಳು ಎದ್ದವು. ಬೇಲಿಯ ಮೇಲಿನಿಂದ ಹೆಂಗಸರನ್ನು ಕೇಳಲಾಯಿತು, ಅವರೂ ಕೈ ಎತ್ತಿದರು. ಅಗೆಯುವುದಿಲ್ಲ, ಕಟ್ಟುವುದಿಲ್ಲ. ಬಂದವರಿಗೆ ಜೌಗಿನ ಅಂಚಿನಲ್ಲಿ ಮರದ ದಿಮ್ಮಿಗಳು. ಒಡೆಯನ ಹೆಣ್ಣು ಜೌಗಿನಲ್ಲಿ ಬರಿಗಾಲಲ್ಲಿ ಕುಣಿಯುತ್ತಾಳೆ, ಊರ ಹೆಂಗಸರು ಚಪ್ಪಾಳೆ ತಟ್ಟಿ ಹಾಡುತ್ತಾರೆ. ಎಲ್ಲರಿಗೂ ಕೆಲಸ ಸಿಕ್ಕಿತು. ಮಿಸ್ ಹ್ಲೋಪೆ ತೆಂಗೆತಿಲೆಯ ಎರಡೂ ಕೈ ಹಿಡಿದು, "ನಿನ್ನ ಬಗ್ಗೆ ನನಗೆ ಹೆಮ್ಮೆ ಅನಿಸ್ತಿದೆ ತಂಗಿ," ಎಂದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ತೆಂಗೆತಿಲೆ ಅತ್ತೆಯ ಗುಡಿಸಲಿಗೆ ಹೋಗಿ ಬಾಗಿಲಲ್ಲೇ ಮಂಡಿಯೂರಿದಳು.

"ಅತ್ತೆ, ನಾನು ಏನೂ ನೋಡಿಲ್ಲ. ಸುಳ್ಳು ಹೇಳಿದೆ."

"ಗೊತ್ತು."

ತೆಂಗೆತಿಲೆ ತಲೆಯೆತ್ತಿದಳು.

"ಅವತ್ತೇ ಗೊತ್ತು. ಮಡುವಿನ ಒಡೆಯನ್ನ ನೋಡಿದೋಳು ಪಾತ್ರೆ ತೊಳೀತಾ ಹಾಡ್ತಾಳಾ?" ಲಾಗ್ವೇಬು ಕಾಲು ಚಾಚಿ ಕೂತು ಪಾದಕ್ಕೆ ಕೊಬ್ಬು ತಿಕ್ಕುತ್ತಿದ್ದಳು. "ಗೋಗೊ ಮ್ನಿಸಿಗೂ ಗೊತ್ತಿರಬೇಕು. ಅವಳು ನಂಗಿಂತ ದಡ್ಡಿಯಲ್ಲ. ಈ ಊರಲ್ಲಿ ಒಬ್ಬಳು ಶಿಷ್ಯೆ ಇದ್ರೆ ಅವಳಿಗೂ ಒಳ್ಳೇದೇ."

"ಹಾಗಾದ್ರೆ ಹೇಳಿಬಿಡಿ ಅತ್ತೆ. ನೀವು ಹೇಳಿದ್ರೆ ಮಾವ ಕೇಳ್ತಾರೆ. ನಾನು ಅಲ್ಲಿ ಕುಣಿಯೋಕಾಗಲ್ಲ. ಬೇರೆ ಎಲ್ಲಿ ಬೇಕಾದ್ರೂ ಕುಣೀತೀನಿ. ಅಲ್ಲಿ..."

"ಏನು ಹೇಳಲಿ? ಫಾಕುಡ್ಸೆ ಮನೆ ಸೊಸೆ ಹಿರಿಯರ ಹೆಸರಲ್ಲಿ ಸುಳ್ಳು ಹೇಳಿದಳು, ಅದನ್ನ ಫಾಕುಡ್ಸೆ ಹೋಗಿ ದೊರೆಗೆ ಒಪ್ಪಿಸಿದ, ಅಂತಲಾ? ದೊರೆ ದಂಡ ಹಾಕೋದು ನಿಂಗಲ್ಲ, ನಮಗೆ. ನಿನ್ನ ಅದೇ ದಿನ ತವರಿಗೆ ಅಟ್ಟುತಾರೆ, ನಿನ್ನ ಕೊಟ್ಟಿದ್ದಕ್ಕೆ ನಿಮ್ಮಪ್ಪ ತಗೊಂಡ ದನ ವಾಪಸ್ ಹೊಡಕೊಂಡು ಬರ್ತಾರೆ. ಆಮೇಲೆ ಯಾಕೆ ಸುಳ್ಳು ಹೇಳಿದೆ ಅಂತ ಕೇಳ್ತಾರೆ. ಆಗ ಏನಂತೀಯ?"

ಆ ಉತ್ತರವನ್ನು ಮುಚ್ಚಿಡಲೆಂದೇ ತೆಂಗೆತಿಲೆ ಸುಳ್ಳು ಹೇಳಿದ್ದು.

"ಅಗೀಬಾರದು ಅಂದೆ. ಅಗೆಯಲ್ಲ ಅಂದ್ರು. ಕೇಳಿದ್ದು ಸಿಕ್ಕಿತಲ್ಲ?" ಅತ್ತೆ ಇನ್ನೊಂದು ಪಾದಕ್ಕೆ ಕೈ ಹಾಕಿದಳು. "ಇನ್ನೊಂದು ತಿಳ್ಕೋ. ಕಲಿಯೋಳು ಗಂಡನ ಜೊತೆ ಮಲಗೋ ಹಾಗಿಲ್ಲ. ಕಲಿತು ಮುಗಿಯೋವರೆಗೂ. ಅದು ಎಷ್ಟು ವರ್ಷವೋ. ನನ್ನ ಮಗ ಅಷ್ಟು ದಿನ ಕೈ ಕಟ್ಟಿಕೊಂಡು ಕೂರೋಕಾಗುತ್ತಾ? ಲಾಸಿಬಿಯಾ ಮನೆಯಲ್ಲಿ ಒಬ್ಬಳಿದಾಳೆ, ಅಗಲ ಸೊಂಟ. ಮಾತಾಡಿದೀನಿ."

ಗಂಡ ಭೆಕಿ ಕಬ್ಬಿನ ಕಾರ್ಖಾನೆಯ ಕೆಲಸದಿಂದ ತಿಂಗಳ ಕೊನೆಗೆ ಬಂದ. ಬಾಗಿಲ ಬಳಿ ನಿಂತು ಹೆಂಡತಿಯನ್ನು ಹೊಸಬಳಂತೆ ನೋಡಿದ. ಕೆಟ್ಟವನಲ್ಲ, ಹೆದರಿದ್ದ. "ನಿಜವಾಗ್ಲೂ ಕಣ್ಣಿತ್ತಾ ಅದಕ್ಕೆ?" ಎಂದು ಕೇಳಿದ. ಅವಳು ಗಂಡನ ಮುಖ ನೋಡಿದಳು. ಇವನಿಗೆ ಹೇಳಬಹುದಿತ್ತು. ಅವನ ಮಗಳೂ ಹೌದಲ್ಲ. ಆದರೆ ಮಗು ತೀರಿಕೊಂಡ ವಾರ ಊರಿಗೆ ಬಂದವನು "ಎಲ್ಲಿ?" ಎಂದು ಒಂದು ಮಾತು ಕೇಳಿರಲಿಲ್ಲ. ಗಂಡಸರು ಕೇಳಬಾರದು. ಕೇಳದವನಿಗೆ ಹೇಳಲು ಅವಳಿಗೆ ಬರಲಿಲ್ಲ. "ಇತ್ತು," ಎಂದಳು. ಅವನು ಚಾಪೆಯನ್ನು ಅಮ್ಮನ ಗುಡಿಸಲಿಗೆ ಒಯ್ದ.

ಕಲಿಕೆ ಶುರುವಾಯಿತು. ತಲೆ ಬೋಳಿಸಿ ಕೆಮ್ಮಣ್ಣು ಬಳಿದರು. ಬೇರಿನ ನೊರೆ ಕುಡಿಸಿ ವಾಂತಿ ಮಾಡಿಸಿದರು. ಗೋಗೊ ಮ್ನಿಸಿಯ ಮುಂದೆ ಮಂಡಿಯ ಮೇಲೆಯೇ ನಡೆಯಬೇಕು. ಅನ್ನ ಹಾಕಿದ್ದಕ್ಕೂ ಹೊಡೆದದ್ದಕ್ಕೂ ಒಂದೇ ರೀತಿ ಕೈ ತಟ್ಟಿ ವಂದಿಸಬೇಕು. ಸತ್ತವರ ಮನೆಯ ಕಡೆಗೆ ಸುಳಿಯುವಂತಿಲ್ಲ, ಹೆಣ ಕಂಡ ಕೈಯನ್ನು ಮುಟ್ಟುವಂತಿಲ್ಲ. ತೆಂಗೆತಿಲೆ ಎಲ್ಲವನ್ನೂ ಮಾಡಿದಳು. ಅವಳಿಗೆ ಒಂದೇ ಒಂದು ಯೋಚನೆಯಿತ್ತು. ಜೌಗು ದೊಡ್ಡದು. ನೀರು ಸೀಳಾಗುವ ಜಾಗ ಅದರಲ್ಲಿ ಒಂದು ಚಾಪೆಯಷ್ಟು. ಅದನ್ನು ಬಿಟ್ಟು ಈಚೆ ಕುಣಿದರಾಯಿತು. ಉಳಿದವರ ಮಕ್ಕಳ ಮೇಲೆ ಕಾಲಿಡುವುದು ತಪ್ಪಲಿಲ್ಲ, ಅದನ್ನು ಅವಳು ಹಲ್ಲು ಕಚ್ಚಿ ನುಂಗಿದಳು. ನುಂಗಿದ್ದು ಸುಲಭವಾಯಿತೆಂಬುದಕ್ಕೆ ಅವಳಿಗೇ ನಾಚಿಕೆಯಾಯಿತು.

ತೆರೆಯುವ ದಿನ ದೊರೆ ಬಂದು ಹೋರಿ ಕಡಿಸಿದ. ಎರಡು ವ್ಯಾನುಗಳಲ್ಲಿ ಬಂದವರು ದಿಮ್ಮಿಗಳ ಮೇಲೆ ಕೂತರು. ಬಿಳಿಯರಿದ್ದರು, ಜೊಹಾನ್ಸ್‌ಬರ್ಗಿನ ಕರಿಯರಿದ್ದರು. ಅವರ ಮಕ್ಕಳು ಕೆಸರಿನಲ್ಲಿ ಬೂಟು ಒತ್ತಿ ಪಚಕ್ ಎಂಬ ಸದ್ದಿಗೆ ನಗುತ್ತಿದ್ದವು. ಊರ ಹೆಂಗಸರು ಒಂದೇ ಬಣ್ಣದ ಬಟ್ಟೆ ಹೊದ್ದು ಸಾಲಾಗಿ ನಿಂತರು. ಅತ್ತೆ ಸೊಸೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅವಳ ಕಣಕಾಲಿಗೆ ಗಿಲಕಿಗಳನ್ನು ಕಟ್ಟಿದಳು. ಗಂಟು ಬಿಗಿಯುತ್ತ, ತಲೆಯೆತ್ತದೆ, "ಹೆಜ್ಜೆ ಜೋರಾಗಿರಲಿ," ಎಂದಳು.

ಡೋಲು ಶುರುವಾಯಿತು. ತೆಂಗೆತಿಲೆ ಜೌಗಿನ ಈಚೆ ತುದಿಯಲ್ಲಿ ಕಾಲ ತುದಿಯಲ್ಲೇ ಕುಣಿದಳು, ಮಲಗಿದ ಮಗುವಿನ ಪಕ್ಕ ಹಾದುಹೋಗುವವರು ಕಾಲಿಡುವ ಹಾಗೆ. ಗಿಲಕಿ ಸರಿಯಾಗಿ ಸದ್ದು ಮಾಡಲಿಲ್ಲ.

"ತುಳಿಯೇ!" ಗೋಗೊ ಮ್ನಿಸಿ ಡೋಲಿನ ಮೇಲಿನಿಂದ ಗದರಿದಳು. "ಬಿಸಿ ಹಂಡೆ ಮೇಲೆ ಬೆಕ್ಕು ನಡೆದ ಹಾಗೆ ನಡೀತೀಯಲ್ಲ. ದೂರದಿಂದ ಬಂದಿದಾರೆ. ತುಳಿ!"

ಅವಳು ಹಿಮ್ಮಡಿ ಊರಿದಳು. ಕೆಸರು ಚಿಮ್ಮಿತು. ಹೆಂಗಸರ ಚಪ್ಪಾಳೆ ಏರಿತು. ತಟ್ಟುತ್ತಿದ್ದ ಕೈಗಳಲ್ಲಿ ಕೆಲವು ಅವಳ ಕಾಲು ಬಿದ್ದ ಕಡೆಯೇ ಅಗೆದಿದ್ದ ಕೈಗಳು. ಖೆತ್ಸಿವೆ ಹೊಟ್ಟೆ ಮುಂದೆ ಮಾಡಿಕೊಂಡು ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದಳು.

ಆಗ ಮಿಸ್ ಹ್ಲೋಪೆ ಬಗ್ಗಿಕೊಂಡು, ಯಾರ ಫೋಟೋಕ್ಕೂ ಅಡ್ಡ ಬರದಂತೆ ಓಡಿ ಬಂದಳು. ಪಿಸುಗುಟ್ಟಿದಳು. "ಚೆನ್ನಾಗಿದೆ ತಂಗಿ, ತುಂಬಾ ಚೆನ್ನಾಗಿದೆ! ಸ್ವಲ್ಪ ಆ ಕಡೆ ಹೋಗು. ನೀರು ಎರಡಾಗುತ್ತಲ್ಲ, ಅದರ ಮಧ್ಯಕ್ಕೆ. ಅಲ್ಲಾದ್ರೆ ಹಿಂದೆ ಜಲಪಾತ ಪೂರಾ ಬರುತ್ತೆ."

ತೆಂಗೆತಿಲೆ ನಿಂತಳು.

"ಬೇಕಾದ್ರೆ ಮಾತ್ರ," ಎಂದಳು ಮಿಸ್ ಹ್ಲೋಪೆ. "ನಿನ್ನ ಇಷ್ಟ."

ತೆಂಗೆತಿಲೆ ಹೆಂಗಸರ ಸಾಲಿನತ್ತ ನೋಡಿದಳು. ಒಬ್ಬಳು ಹಾಡು ತಪ್ಪಿದರೆ ಸಾಕಿತ್ತು, ಒಬ್ಬಳು ತಲೆ ಅಲ್ಲಾಡಿಸಿದರೆ ಸಾಕಿತ್ತು. ಅತ್ತೆ ಅವಳ ಕಣ್ಣನ್ನು ನೇರ ನೋಡಿದಳು. ಎಲ್ಲಿಗೆ ಹೋಗಲು ಹೇಳುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು, ಗುಂಡಿ ತೋಡಿದವಳೇ ಅವಳು. ಲಾಗ್ವೇಬು ಚಪ್ಪಾಳೆಯನ್ನು ಒಂದಿಷ್ಟೂ ತಪ್ಪಿಸದೆ ಗದ್ದದಿಂದ ಆ ಕಡೆ ತೋರಿಸಿದಳು. ಹೋಗು.

ಹಿಂದೆ ಡೋಲು ಕಾಯುತ್ತಿತ್ತು. ದೊರೆ ಕಾಯುತ್ತಿದ್ದ. ಮಾವನ ದನಿ ಗಂಟಲು ಸರಿಮಾಡಿಕೊಂಡಿತು.

ಅವಳು ಹೋದಳು. ನೀರಿನ ಎರಡು ಸೀಳುಗಳ ನಡುವೆ ನಿಂತು ಕಾಲೆತ್ತಿದಳು. ನೆಲ ಮೆತ್ತಗಿತ್ತು, ಪಾದದ ಕೆಳಗೆ ಒಂದಿಷ್ಟು ಇಳಿದು ಮತ್ತೆ ಏರಿತು. ತುಳಿದಳು. ಅಳಲಿಲ್ಲ. ಗಿಲಕಿ ಈಗ ಸರಿಯಾಗಿ ಸದ್ದು ಮಾಡಿತು. ದಿಮ್ಮಿಗಳ ಮೇಲಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರೋ ಇನ್ನೊಮ್ಮೆ ಎಂದರು. ಇನ್ನೊಮ್ಮೆ ಕುಣಿದಳು.

ಆಮೇಲೆ ಜನ ಬರುತ್ತಲೇ ಇದ್ದರು. ಮೊದಲು ವಾರಕ್ಕೊಮ್ಮೆ, ನಂತರ ದಿನವೂ. ಸಿಝಿಬೇನಿಯ ಹೆಸರು ರಸ್ತೆಯ ಬೋರ್ಡಿನಲ್ಲಿ ಬಂತು. ಲಾಸಿಬಿಯಾ ಮನೆಯ ಹುಡುಗಿಯೂ ಭೆಕಿಗೆ ಎರಡನೇ ಹೆಂಡತಿಯಾಗಿ ಬಂದಳು, ಬಂದ ಎರಡನೇ ತಿಂಗಳಿಗೇ ಅವಳಿಗೆ ಬೆಳಗಿನ ಹೊತ್ತು ಓಕರಿಕೆ. ಮಳೆ ನಿಂತು ಚಳಿಗಾಲ ಬಂದಿತು. ಅಷ್ಟು ಕಾಲು, ಅಷ್ಟು ಬೂಟು ಬಿದ್ದ ಮೇಲೆ ಕಾಲುವೆ ತೋಡುವ ಅಗತ್ಯವೇ ಉಳಿಯಲಿಲ್ಲ. ಜೌಗು ತಾನಾಗಿಯೇ ಗಟ್ಟಿಯಾಯಿತು. ನೀರು ಪಕ್ಕಕ್ಕೆ ಸರಿದು ಒಂದೇ ಸೀಳಾಗಿ ಹರಿಯಿತು. ಸಗಣಿ ಸಾರಿಸಿದ ಅಂಗಳದಂತೆ ನೆಲ ನುಣ್ಣಗೆ ಹೊಳೆಯಿತು. ಮಾವ ಅದರ ಮೇಲೆ ಕೋಲು ಕುಟ್ಟಿ ನೋಡಿ ಸಮಾಧಾನಪಟ್ಟ.

ಖೆತ್ಸಿವೆಯ ಮಗು ಆ ಚಳಿಯಲ್ಲಿ ಹುಟ್ಟಿತು. ಹೊಕ್ಕುಳ ಬಳ್ಳಿ ಉದುರುವ ತನಕ ಉಳಿಯಲಿಲ್ಲ.

ಬೆಳಿಗ್ಗೆ ಮಂಜು ಬಿಡುವ ಹೊತ್ತಿಗೆ ಹೆಂಗಸರು ಗುದ್ದಲಿ ಹಿಡಿದು ಇಳಿದು ಬಂದರು. ಈ ಸಲ ಖೆತ್ಸಿವೆಯೂ ಜೊತೆಗಿದ್ದಳು. ತಾಯಿ ಬರಬಾರದೆಂದು ಯಾರು ಹೇಳಿದರೂ ಕೇಳಿರಲಿಲ್ಲ. ಗಂಟು ಅವಳ ಶಾಲಿನೊಳಗೇ ಇತ್ತು. ತೆಂಗೆತಿಲೆ ಆಗಲೇ ಅಲ್ಲಿದ್ದಳು, ಅಂದಿನ ಕುಣಿತಕ್ಕೆ ಕೆಮ್ಮಣ್ಣು ಕಲೆಸುತ್ತಿದ್ದಳು. ಅವಳನ್ನು ಕಂಡು ಹೆಂಗಸರು ದೂರದಲ್ಲೇ ನಿಂತರು.

ಲಾಗ್ವೇಬು ಗುದ್ದಲಿ ಎತ್ತಿ ಹಾಕಿದಳು. ನೆಲ ಠಣ್ ಎಂದಿತು. ಇನ್ನೊಂದು ಕಡೆ ಹಾಕಿದಳು. ಬೆರಳುದ್ದದ ಒಣ ಹೆಂಟೆಯೊಂದು ಹಾರಿತು. ಅದರ ಕೆಳಗೂ ಒಣನೆಲವೇ.

"ಇಲ್ಲಿ ಆಗಲ್ಲ," ಎಂದಳು ಲಾಗ್ವೇಬು. "ಒಣಗಿಹೋಗಿದೆ."

"ದಿನ್ನೆಯಾಚೆ ಕೆಳಗೆ, ದನಗಳಿಗೆ ಔಷಧಿ ಹಾಕೋ ತೊಟ್ಟಿ ಹಿಂದೆ ಇನ್ನೂ ಒರತೆ ಇದೆ ಅಕ್ಕಾ," ಎಂದಳು ತೆಂಗೆತಿಲೆ. "ನಾನು ತೋರಿಸ್ತೀನಿ. ಬರ್ತೀನಿ."

"ನೀನು ಬರಬೇಡ," ಎಂದಳು ಖೆತ್ಸಿವೆ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನೀನು ಹೆಣದ ಹತ್ರ ಬರೋ ಹಾಗಿಲ್ಲ, ಮೈಲಿಗೆ ಆಗುತ್ತೆ. ನನ್ನೆರಡರ ಮೇಲೆ ದಿನಾ ಕುಣಿದೆಯಲ್ಲ, ಸಾಕು. ಇದನ್ನಾದ್ರೂ ಬಿಡು." ಶಾಲಿನೊಳಗೆ ಗಂಟನ್ನು ಸರಿಮಾಡಿಕೊಂಡಳು. "ನನ್ನ ಹೊಟ್ಟೆ ಮುಚ್ಚಿದೋಳು ನೀನೇ."

ಅವರು ತಿರುಗಿ ನಡೆದರು. ದಿನ್ನೆ ಹತ್ತುವಲ್ಲಿ ಬೆಳಗಿನ ಮೊದಲ ವ್ಯಾನು ಅವರಿಗೆ ಎದುರಾಯಿತು. ಕಿಟಕಿಗಳಿಂದ ಕೈಗಳು ಹೊರಬಂದು ಬೀಸಿದವು. ಬಂದವರಿಗೆ ನಗುತ್ತ ಕೈ ಬೀಸಬೇಕೆಂದು ಸಮಿತಿ ಎಲ್ಲರಿಗೂ ಕಲಿಸಿಕೊಟ್ಟಿತ್ತು. ಹೆಂಗಸರು ದಾರಿಯ ಪಕ್ಕಕ್ಕೆ ಸರಿದು ನಿಂತು ಕೈ ಬೀಸಿದರು. ಖೆತ್ಸಿವೆಯೂ ಒಂದು ಕೈಯಲ್ಲಿ ಶಾಲನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈ ಎತ್ತಿ ಬೀಸಿದಳು.

ಡೋಲು ಶುರುವಾಯಿತು. ಗೋಗೊ ಮ್ನಿಸಿ ಕೂಗುವ ಮೊದಲೇ ತೆಂಗೆತಿಲೆ ಎದ್ದು ನಿಂತಳು.